ಕಾಡಿನ ಲೆಕ್ಕ ಬರೆಯುವವರ ಕೂಲಿ

ಹೆಮ್ಲಾಕ್ ಮರದ ಎಳೆಯ ರೆಂಬೆಯನ್ನು ಮಗುಚಿ ನೋಡಿದರೆ, ಸೂಜಿಯಂಥ ಎಲೆಗಳ ಬುಡದಲ್ಲಿ ಬಿಳಿ ಉಣ್ಣೆಯ ಚುಕ್ಕಿಗಳು ಸಾಲಾಗಿ ಅಂಟಿಕೊಂಡಿರುತ್ತವೆ. ಅಡೆಲ್ಜಿಡ್ ಎಂಬ ರಸ ಹೀರುವ ಕೀಟ ಅಲ್ಲಿ ಠಿಕಾಣಿ ಹೂಡಿದೆ ಎಂಬುದಕ್ಕೆ ಅದೇ ಗುರುತು. ಪೂರ್ವ ಏಷ್ಯಾದ ಈ ಕೀಟ ಅಮೆರಿಕದ ಪೂರ್ವ ಭಾಗದಲ್ಲಿ ಮೊದಲು ಕಂಡದ್ದು 1951ರಲ್ಲಿ, ವರ್ಜೀನಿಯಾದ ರಿಚ್‌ಮಂಡ್ ಬಳಿ. ಟೆನೆಸ್ಸಿ ಮತ್ತು ನಾರ್ತ್ ಕೆರೊಲಿನಾ ಗಡಿಯಲ್ಲಿರುವ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದಲ್ಲಿ 2002ರಲ್ಲಿ ಪತ್ತೆಯಾಯಿತು. ಹಾಗೇ ಬಿಟ್ಟರೆ ನೂರಾರು ವರ್ಷದ ಮರ ಕೆಲವೇ ವರ್ಷಗಳಲ್ಲಿ ಒಣಗಿ ನಿಲ್ಲುತ್ತದೆ.

ಬಿಡದಿರಬೇಕಾದರೆ ಒಬ್ಬರು ಮರದಿಂದ ಮರಕ್ಕೆ ನಡೆಯಬೇಕು. ನಮ್ಮ ಹತ್ತಿ, ಮೆಣಸಿನಕಾಯಿ ಬೆಳೆಗಾರರಿಗೂ ಚಿರಪರಿಚಿತವಾದ ಇಮಿಡಾಕ್ಲೋಪ್ರಿಡ್ ಅನ್ನೇ ಅಲ್ಲಿಯೂ ಬುಡಕ್ಕೆ ಹಾಕುತ್ತಾರೆ. ಎಷ್ಟು ಹಾಕಬೇಕೆಂಬುದು ಕಾಂಡದ ದಪ್ಪದ ಮೇಲೆ ನಿರ್ಧಾರವಾಗುತ್ತದೆ. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಟೇಪು ಸುತ್ತಬೇಕು. ಇಳಿಜಾರಿದ್ದರೆ ಮೇಲ್ಬದಿಯಿಂದ ಅಳೆಯಬೇಕು. ಸುತ್ತಳತೆ ಹಿಡಿದರೆ ವ್ಯಾಸವನ್ನೇ ತೋರಿಸುವಂತೆ ಗೆರೆ ಹಾಕಿದ ಟೇಪು ಅದು. ತೊರೆಯ ಅಂಚಿನ ಮರವಾದರೆ ಔಷಧ ನೀರಿಗೆ ಸೇರದಂತೆ ಬೇರೆಯೇ ವಿಧಾನ. ಅಳೆದು, ಹಾಕಿ, ಜಿಪಿಎಸ್‌ನಲ್ಲಿ ದಾಖಲಿಸಿ, ಮುಂದಿನ ಮರಕ್ಕೆ. ಉದ್ಯಾನಗಳಲ್ಲಿ ಇಂಥ ಕೆಲಸಕ್ಕೆ ಕರೆಯುವ ‘ನ್ಯಾಚುರಲ್ ರಿಸೋರ್ಸಸ್ ಇಂಟರ್ನ್’ ಎಂಬ ತಾತ್ಕಾಲಿಕ ಕಲಿಕೆ ಹುದ್ದೆಯ ಜಾಹೀರಾತಿನಲ್ಲಿ ಕರಡಿಯ ಚಿತ್ರವಿರಬಹುದು; ಕೆಲಸವೆಂದರೆ ಬಹುಪಾಲು ಇಂಥದ್ದೇ. ಕಳೆ ಕೀಳುವುದು, ತೊರೆಯ ನೀರಿನ ಮಾದರಿ ತೆಗೆಯುವುದು, ಒಂದೇ ಚೌಕದಲ್ಲಿ ವರ್ಷವರ್ಷವೂ ಅದೇ ಗಿಡಗಳನ್ನು ಎಣಿಸುವುದು.

ವರ್ಷಕ್ಕೆ ಕೋಟಿಗೂ ಹೆಚ್ಚು ಭೇಟಿಗಳನ್ನು ಕಾಣುವ ಗ್ರೇಟ್ ಸ್ಮೋಕಿ, ಅಮೆರಿಕದಲ್ಲೇ ಅತಿ ಹೆಚ್ಚು ಜನ ಬರುವ ರಾಷ್ಟ್ರೀಯ ಉದ್ಯಾನ. ಬಂದವರು ಮಂಜು ಕವಿದ ಬೆಟ್ಟ ನೋಡಿ ಹೋಗುತ್ತಾರೆ. ಆ ಬೆಟ್ಟದಲ್ಲಿ ಏನೇನಿದೆ ಎಂದು ಪಟ್ಟಿ ಮಾಡುವ ಕೆಲಸ 1998ರಲ್ಲಿ ಶುರುವಾಯಿತು. ವಿಜ್ಞಾನಕ್ಕೇ ಹೊಸದಾದ ಸಾವಿರಕ್ಕೂ ಹೆಚ್ಚು ಜೀವಿಗಳು ಅಲ್ಲಿ ಸಿಕ್ಕಿವೆ. ಅದರ ಹಿಂದೆ ತಜ್ಞರಿದ್ದಾರೆ. ಅವರ ಜೊತೆಗೆ ಸ್ವಯಂಸೇವಕರ, ವಿದ್ಯಾರ್ಥಿಗಳ ದೊಡ್ಡ ದಂಡೂ ಇದೆ.

ಪ್ರಶ್ನೆ ಹುಟ್ಟುವುದೇ ಇಲ್ಲಿ. ದೇಶದ ಕಾಡಿನ ಲೆಕ್ಕ ಇಡುವುದು ಸರ್ಕಾರದ ಕೆಲಸವಾದರೆ, ಅದರ ಖರ್ಚು ಯಾರ ಜೇಬಿನಿಂದ ಹೋಗಬೇಕು?

ಅಮೆರಿಕದ ಉದ್ಯಾನಗಳಲ್ಲಿ ವನ್ಯಜೀವಿ ವಿಜ್ಞಾನ ಆರಂಭವಾದದ್ದೇ ಖಾಸಗಿ ಜೇಬಿನಿಂದ. ಜಾರ್ಜ್ ಮೆಲೆಂಡೆಝ್ ರೈಟ್ ಎಂಬ ಸ್ಯಾನ್‌ಫ್ರಾನ್ಸಿಸ್ಕೊದ ಶ್ರೀಮಂತ ಯುವಕ, ಇನ್ನೂ ಇಪ್ಪತ್ತರ ಹರೆಯದಲ್ಲೇ, 1930ರ ಸುಮಾರಿಗೆ ತನ್ನ ಸ್ವಂತ ದುಡ್ಡಿನಲ್ಲಿ ಉದ್ಯಾನಗಳ ವನ್ಯಜೀವಿ ಸಮೀಕ್ಷೆ ಶುರುಮಾಡಿದ. ಕಸದ ಗುಂಡಿಗೆ ಬರುವ ಕರಡಿಗಳನ್ನು ಪ್ರವಾಸಿಗರಿಗೆ ತಮಾಷೆಯಾಗಿ ತೋರಿಸುತ್ತಿದ್ದ, ತೋಳಗಳನ್ನು ಪೀಡೆಯೆಂದು ಕೊಂದ ಕಾಲ ಅದು. ಉದ್ಯಾನದಲ್ಲಿ ಏನಿದೆ ಎಂದು ಮೊದಲು ತಿಳಿದುಕೊಳ್ಳಿ, ಆಮೇಲೆ ನಿರ್ವಹಣೆ ಮಾಡಿ ಎಂಬುದು ಅವನ ವಾದವಾಗಿತ್ತು. ವರದಿ ಬಂತು, ಇಲಾಖೆ ಒಪ್ಪಿತು, ಜೀವವಿಜ್ಞಾನಿಗಳ ನೇಮಕವೂ ಆಯಿತು. 1936ರಲ್ಲಿ ರೈಟ್ ಕಾರು ಅಪಘಾತದಲ್ಲಿ ತೀರಿಕೊಂಡ. ಆಗ ಅವನಿಗೆ 31 ವರ್ಷ. ಮುಂದಿನ ವರ್ಷಗಳಲ್ಲಿ ಆ ಹುದ್ದೆಗಳೂ ಕರಗಿಹೋದವು. ಒಬ್ಬನ ಉತ್ಸಾಹದ ಮೇಲೆ ನಿಂತದ್ದು ಅವನೊಂದಿಗೇ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಯುವಜನರನ್ನು ಕರೆತರುವ ದಾರಿಯೂ ಸರ್ಕಾರದ ಕೈಯಲ್ಲಿ ಹುಟ್ಟಿದ್ದಲ್ಲ. ಎಲಿಜಬೆತ್ ಕುಷ್ಮನ್ ಎಂಬ ವಿದ್ಯಾರ್ಥಿನಿ 1955ರಲ್ಲಿ ಪದವಿಗಾಗಿ ಬರೆದ ಪ್ರಬಂಧದಲ್ಲಿ ಒಂದು ಸಲಹೆ ಮುಂದಿಟ್ಟಳು: ಉದ್ಯಾನಗಳಿಗೆ ಜನ ನುಗ್ಗುತ್ತಿದ್ದಾರೆ, ದುಡ್ಡಿಲ್ಲ, ಕೈಗಳಿಲ್ಲ, ವಿದ್ಯಾರ್ಥಿಗಳನ್ನು ಬಳಸಿಕೊಳ್ಳಿ. 1957ರಲ್ಲಿ ಒಲಿಂಪಿಕ್ ಮತ್ತು ಗ್ರ್ಯಾಂಡ್ ಟೀಟನ್ ಉದ್ಯಾನಗಳಲ್ಲಿ 53 ಮಂದಿಯ ಮೊದಲ ತಂಡ ಕೆಲಸಕ್ಕಿಳಿಯಿತು. ಸ್ಟೂಡೆಂಟ್ ಕನ್ಸರ್ವೇಷನ್ ಅಸೋಸಿಯೇಷನ್ ಬೆಳೆದದ್ದು ಹಾಗೆ. ಅಡಚಣೆಯ ಕಾಲಕ್ಕೆಂದು ಹೂಡಿದ ಉಪಾಯ ಇಂದು ವ್ಯವಸ್ಥೆಯ ಊರುಗೋಲೇ ಆಗಿದೆ. ಬಹಳಷ್ಟು ಇಂಟರ್ನ್‌ಗಳು ಉದ್ಯಾನದ ಸಂಬಳಪಟ್ಟಿಯಲ್ಲಿರುವುದಿಲ್ಲ. ಇಂಥ ಸಂಸ್ಥೆಯೊಂದು ಅವರಿಗೆ ವಾರದ ಭತ್ಯೆ ಕೊಡುತ್ತದೆ. ಉದ್ಯಾನ ಮಲಗಲು ಜಾಗ ಕೊಡುತ್ತದೆ.

ಹಾಗೆಂದು ಇದನ್ನು ಬರೀ ಶೋಷಣೆ ಎಂದು ತಳ್ಳಿಹಾಕುವುದು ತಪ್ಪಾಗುತ್ತದೆ. ಸರ್ಕಾರಿ ಭೂಮಿಗಳಲ್ಲಿ ಯುವಜನರಿಗೆ ಕೆಲಸ ಕೊಡುವ ಪಬ್ಲಿಕ್ ಲ್ಯಾಂಡ್ಸ್ ಕೋರ್ ವ್ಯವಸ್ಥೆಯಡಿ 640 ಗಂಟೆ ದುಡಿದವರನ್ನು ಎರಡು ವರ್ಷದೊಳಗೆ ಸ್ಪರ್ಧೆಯಿಲ್ಲದೆ ಸರ್ಕಾರಿ ಹುದ್ದೆಗೆ ತೆಗೆದುಕೊಳ್ಳಲು ಅವಕಾಶವಿದೆ. ಅಲ್ಲಿಯ ಪ್ರಜೆಗಳಿಗೆ ಇದು ನಿಜವಾದ ಏಣಿ. ವೀಸಾದ ಮೇಲೆ ಓದಲು ಹೋದ ನಮ್ಮ ಮಕ್ಕಳಿಗಲ್ಲ. ಆದರೆ ಏಣಿಯ ಮೊದಲ ಮೆಟ್ಟಿಲೇ ಎತ್ತರದಲ್ಲಿದೆ. ಪಟ್ಟಣದಿಂದ ದೂರದ ಉದ್ಯಾನಕ್ಕೆ ಸ್ವಂತ ಕಾರು ಬೇಕು. ಕಾಲೇಜು ಸಾಲದ ಕಂತು ಕಾಯುವುದಿಲ್ಲ. ಮನೆಯವರ ಬೆಂಬಲ ಇರುವವರು ತಾಳಿಕೊಳ್ಳುತ್ತಾರೆ, ಇಲ್ಲದವರು ಅರ್ಜಿಯನ್ನೇ ಹಾಕುವುದಿಲ್ಲ. ಅನುಭವವೇ ಸಂಬಳ ಎಂದು ಹೇಳುವವರು ಸಾಮಾನ್ಯವಾಗಿ ಸಂಬಳ ಬರುವ ಕುರ್ಚಿಯಲ್ಲಿ ಕೂತವರು.

ಇದಕ್ಕಿಂತ ಗಂಭೀರವಾದ ತೊಂದರೆ ಲೆಕ್ಕದ್ದು. ಎಡೆಬಿಡದೆ ಇಪ್ಪತ್ತು ವರ್ಷ ಒಂದೇ ರೀತಿ ಅಳೆದರೆ ಮಾತ್ರ ಕಾಡಿನ ಅಂಕಿಗೆ ಅರ್ಥ. ಇಂಟರ್ನ್ ಮೇ ತಿಂಗಳಲ್ಲಿ ಬಂದು, ಯಾವ ಗಿಡ ಯಾವುದೆಂದು ಕೈಗೆ ಹತ್ತುವಷ್ಟರಲ್ಲಿ ಆಗಸ್ಟ್ ಬಂದಿರುತ್ತದೆ. ಹೊಸಬರನ್ನು ತಿದ್ದಲು ಕಾಯಂ ಜೀವವಿಜ್ಞಾನಿಯೊಬ್ಬರು ಇದ್ದಾಗ ಮಾತ್ರ ಈ ಸರಪಳಿ ತುಂಡಾಗದು. 2025ರ ಫೆಬ್ರುವರಿಯಲ್ಲಿ ಟ್ರಂಪ್ ಆಡಳಿತ ಉದ್ಯಾನ ಸೇವೆಯ ಸುಮಾರು ಸಾವಿರ ಪ್ರೊಬೇಷನರಿ ನೌಕರರನ್ನು ಒಂದೇ ಏಟಿಗೆ ಮನೆಗೆ ಕಳಿಸಿತು. ಮುಂದೆ ನ್ಯಾಯಾಲಯ ಮಧ್ಯಪ್ರವೇಶಿಸಿತು ನಿಜ. ಆದರೆ ಹೇಳಿಕೊಡುವವರನ್ನೇ ತೆಗೆದ ಮೇಲೆ ಕಲಿಯಲು ಬಂದವರು ಅಗ್ಗದ ಆಳುಗಳಾಗಿ ಉಳಿಯುತ್ತಾರೆ.

ಕರ್ನಾಟಕಕ್ಕೆ ಇದರಲ್ಲಿ ಪಾಠವಿದೆ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಲ್ಲಿ ಸಂಶೋಧನೆ ಶುರುಮಾಡಿದ ಮೇಲೆ, ಹುಲಿಯ ಬಲಿಪ್ರಾಣಿಗಳನ್ನು ಎಣಿಸಲು ರಜೆ ಹಾಕಿ ಬಂದು ಟ್ರಾನ್ಸೆಕ್ಟ್ (ಗೊತ್ತುಮಾಡಿದ ಗೆರೆ) ಹಿಡಿದು ನಡೆದ ಉತ್ಸಾಹಿಗಳು ನಮ್ಮಲ್ಲೂ ಇದ್ದಾರೆ. 2022ರ ಹುಲಿ ಗಣತಿಯ ಪ್ರಕಾರ ರಾಜ್ಯದಲ್ಲಿ 563 ಹುಲಿಗಳಿದ್ದವು. ಹುಲಿಯ ಲೆಕ್ಕ ನಾಲ್ಕು ವರ್ಷಕ್ಕೊಮ್ಮೆ ಸುದ್ದಿಯಾಗುತ್ತದೆ. ಹುಲ್ಲುಗಾವಲನ್ನು ನುಂಗುವ ಲಂಟಾನ ಕಳೆಯ ಲೆಕ್ಕಕ್ಕೆ ಆ ಭಾಗ್ಯವಿಲ್ಲ. ಒಣಗಿದ ತರಗೆಲೆಗೆ ಹಾಕುತ್ತಿದ್ದ ‘ತರಗು ಬೆಂಕಿ’ ನಿಂತ ಮೇಲೆ ಲಂಟಾನ ಹಬ್ಬಿತು ಎಂದು ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೇಳುತ್ತಲೇ ಬಂದಿದ್ದಾರೆ. ಅದನ್ನು ತಾಕುಗಳಲ್ಲಿ ಅಳೆದು, ಹತ್ತಾರು ವರ್ಷ ಬರೆದಿಟ್ಟು, ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಕಾಯಂ ವ್ಯವಸ್ಥೆ ಅರಣ್ಯ ಇಲಾಖೆಯಲ್ಲೇ ಇರಬೇಕಿತ್ತು.

ಇದಕ್ಕೆ ಹೊಸ ಸಂಸ್ಥೆಯೇನೂ ಬೇಡ. ಶಿರಸಿ, ಪೊನ್ನಂಪೇಟೆಗಳಲ್ಲಿ ಅರಣ್ಯ ಕಾಲೇಜುಗಳಿವೆ. ಹುಲಿ ಸಂರಕ್ಷಿತ ಪ್ರದೇಶಗಳಿಗೆ ಕಾನೂನುಬದ್ಧ ಪ್ರತಿಷ್ಠಾನಗಳಿವೆ. ಪ್ರವಾಸೋದ್ಯಮದ ಆದಾಯವನ್ನು ಅವು ಬಳಸಬಹುದು. ಪದವೀಧರನೊಬ್ಬನಿಗೆ ಒಂದು ಬೇಸಿಗೆಗಲ್ಲ, ಕನಿಷ್ಠ ಎರಡು ವರ್ಷಕ್ಕೆ ಬದುಕುವಷ್ಟು ಸಂಬಳ ಕೊಡಿ. ಜೊತೆಗೆ ಹಾಡಿಯ ವಾಚರ್ ಒಬ್ಬರನ್ನು ದಿನಗೂಲಿಯಿಂದ ಬಿಡಿಸಿ, ದಾಖಲೆಯಲ್ಲಿ ಹೆಸರು ಬರೆದು, ಅದೇ ಕೆಲಸಕ್ಕೆ ಕಾಯಂ ಆಗಿ ನೇಮಿಸಿ. ಮುಂದಿನ ಬಜೆಟ್‌ನಲ್ಲಿ ಒಂದೇ ಒಂದು ಸಂರಕ್ಷಿತ ಪ್ರದೇಶದಲ್ಲಾದರೂ ಅರಣ್ಯ ಇಲಾಖೆ ಇದನ್ನು ಶುರುಮಾಡಲಿ.