ಬೂದಿದಿಬ್ಬಗಳ ಸಾಕ್ಷ್ಯ

ಹಂಪೆಯ ಸಮೀಪದ ನಿಂಬಾಪುರದಲ್ಲಿ ಬೂದಿಯ ದಿಬ್ಬವೊಂದಿರುವುದು. ಅದು ವಾಲಿಯ ದಹನಸ್ಥಾನವೆಂದು ಜನರು ಹೇಳುವರು. ಆ ನಂಬಿಕೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅದು ಬೂದಿಯೆಂದು ಗುರುತಿಸಿದ ಜನರ ಕಣ್ಣು ಸರಿಯಾದುದೇ. ಬಳ್ಳಾರಿ, ರಾಯಚೂರು ಸೀಮೆಗಳಲ್ಲಿ ಇಂತಹ ದಿಬ್ಬಗಳು ಇನ್ನೂ ಅನೇಕವಿವೆ.

ಇವು ದನದ ಸಗಣಿ ಉರಿದುಳಿದ ರಾಶಿಗಳೆಂದು ಭೂಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟ್ ಎಂಬವರು 19ನೆಯ ಶತಮಾನದಲ್ಲಿಯೇ ತರ್ಕಿಸಿದ್ದರು. 1957ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಅಗೆಸಲು, ದೊಡ್ಡಿಯ ಬೇಲಿಗೂಟಗಳ ಗುಳಿಗಳೂ ದನಗಳ ಗೊರಸಿನ ಗುರುತುಗಳೂ ದೊರೆತು ಆ ತರ್ಕವು ದೃಢವಾಯಿತು. ದನಗಾಹಿಗಳಾದ ನಮ್ಮ ಪೂರ್ವಿಕರು ಸುಮಾರು 5000 ವರ್ಷಗಳ ಹಿಂದೆ ಸಗಣಿಯನ್ನು ಒಟ್ಟಿ ಕಾಲಕಾಲಕ್ಕೆ ಬೆಂಕಿಯಿಡುತ್ತಿದ್ದರು.

ಅವರು ದನಗಳನ್ನು ಮಾತ್ರವೇ ನಂಬಿ ಬಾಳಲಿಲ್ಲ. ಬಳ್ಳಾರಿಯ ಬಳಿಯ ಸಂಗನಕಲ್ಲಿನಲ್ಲಿ ಅವರ ನುಣುಪಾದ ಕಲ್ಗೊಡಲಿಗಳೊಡನೆ ಸುಟ್ಟು ಕರಿಯಾದ ಹುರುಳಿ, ಹೆಸರು, ಕೊರಲೆ ಕಾಳುಗಳು ಸಿಕ್ಕಿವೆ. ಕಾಡಿನ ಬಳ್ಳಿಯ ಕಾಳನ್ನು ಆಯ್ದು, ಬಿತ್ತಿ, ಮುಂದಿನ ಮಳೆಗೆ ಬೀಜವುಳಿಸಿದ ಆ ತಾಳ್ಮೆಯೇ ನಾಗರಿಕತೆಯ ಮೂಲವೆಂದು ನಾವು ಭಾವಿಸುತ್ತೇವೆ. ನಮ್ಮ ಮನೆಯ ಹುರುಳಿಸಾರು, ಹೆಸರುಬೇಳೆಯ ಕೋಸಂಬರಿಗಳ ವಂಶಾವಳಿಯು ಅಲ್ಲಿಗೆ ಮುಟ್ಟುವುದು.

ಆದರೆ ಬೂದಿಮಣ್ಣನ್ನು ಹೊಲಗಳಿಗೆ ಸಾಗಿಸಿದುದರಿಂದ ಹಲವು ದಿಬ್ಬಗಳು ಕರಗಿಹೋಗಿವೆ. ಸಂಗನಕಲ್ಲಿನ ಗುಡ್ಡಗಳನ್ನು ಕಲ್ಲುಗಣಿಗಳು ಕೊರೆದಿವೆ. ಹಂಪೆಯ ದೇಗುಲಗಳನ್ನು ಕಾಣಹೋಗುವ ಗೃಹಸ್ಥರು ತಮ್ಮ ಮಕ್ಕಳಿಗೆ ನಿಂಬಾಪುರದ ದಿಬ್ಬವನ್ನೂ ತೋರಿಸಿ, ಅದರ ಕಥೆಯನ್ನು ಹೇಳಬೇಕೆಂದು ನಮ್ಮ ಪ್ರಾರ್ಥನೆ. ಓಲೆಯ ಗ್ರಂಥವು ಜೀರ್ಣವಾದರೆ ಪ್ರತಿಮಾಡಿಕೊಳ್ಳಬಹುದು. ಅಗೆದೊಯ್ದ ದಿಬ್ಬಕ್ಕೆ ಪ್ರತಿಯಿಲ್ಲ.