ಅಲ್ಯೂಮಿನಿಯಂಗೆ ಮಿಗ್ಗಾ, ಟಿಗ್ಗಾ?

"ಮಿಗ್ ಬೇಗ ಮುಗಿಯುತ್ತೆ, ಅದೇ ಸಾಕು" ಅನ್ನೋ ಮಾತು ನಮ್ಮ ವರ್ಕ್‌ಶಾಪ್‌ನಲ್ಲಿ ಮಾಮೂಲು. ಅಲ್ಯೂಮಿನಿಯಂ ವಿಷಯದಲ್ಲಿ ನಾವು ಇದನ್ನ ಪೂರ್ತಿ ಒಪ್ಪಲ್ಲ.

ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತೆ. ಮೇಲಿನ ಆಕ್ಸೈಡ್ ಪದರ ಕರಗಲು 2000 ದಾಟಬೇಕು. ಆ ಪದರವನ್ನು ಮಿಗ್ ಆರ್ಕ್ ಕೂಡ ಒಡೆಯುತ್ತೆ, ಎಸಿ ಟಿಗ್ ಕೂಡ. ವ್ಯತ್ಯಾಸ ಇರೋದು ಹಿಡಿತದಲ್ಲಿ. ಮಿಗ್‌ನಲ್ಲಿ ವೈರ್ ಜೊತೆಗೇ ಶಾಖವೂ ಏರುತ್ತೆ. ಟಿಗ್‌ನಲ್ಲಿ ಶಾಖ ಕಾಲಿನ ಪೆಡಲ್‌ನಲ್ಲಿ, ಫಿಲ್ಲರ್ ಕೈಯಲ್ಲಿ.

6 ಮಿ.ಮೀ. ಪ್ಲೇಟಿನ ಉದ್ದನೆ ಜಾಯಿಂಟಿಗೆ ಮಿಗ್ಗೇ ಸರಿ. ಆದ್ರೆ ಗ್ಯಾಸ್ ಶುದ್ಧ ಆರ್ಗಾನ್ ಆಗಿರಲಿ. ರೇಸ್ ಕಾರಿನ 2 ಮಿ.ಮೀ. ಕೂಲಂಟ್ ಟ್ಯಾಂಕಿಗೆ ಟಿಗ್ಗೇ ಬೇಕು. ಟ್ರ್ಯಾಕಿನಲ್ಲಿ ಅದು ಸೋರಿದ್ರೆ ತಂಡದ ಒಂದು ವರ್ಷದ ದುಡಿಮೆ ನೀರುಪಾಲು.

ಅದಕ್ಕೇ ಸ್ಪರ್ಧೆ ಹತ್ತಿರ ಬರೋವರೆಗೂ ಕಾಯದೆ, ಈಗಲೇ ಜೂನಿಯರ್‌ಗಳ ಕೈಗೆ ಟಿಗ್ ಟಾರ್ಚ್ ಕೊಡೋಣ. ಸ್ಕ್ರ್ಯಾಪ್ ಮೇಲೆ ಕೈ ಪಳಗಲಿ.