‘ಅಬ್ಸರ್ಡ್’ ಎಂಬ ಮಾತು

ನಮ್ಮ ಕಾಲೇಜಿನ ಮೊಗಸಾಲೆಯಲ್ಲಿ ಅತಿ ಹೆಚ್ಚು ದುಡಿಯುತ್ತಿರುವ ಇಂಗ್ಲಿಷ್ ಪದ ಯಾವುದೆಂದು ಯಾರಾದರೂ ಕೇಳಿದರೆ ‘ಅಬ್ಸರ್ಡ್’ ಎಂದು ಸಂಶಯವಿಲ್ಲದೆ ಹೇಳಬಹುದು. ವೇಳಾಪಟ್ಟಿ ಅಬ್ಸರ್ಡ್, ನಿನ್ನೆ ನೋಡಿದ ಚಲನಚಿತ್ರ ಅಬ್ಸರ್ಡ್, ಕಾಫಿಯ ಬೆಲೆ ಅಬ್ಸರ್ಡ್. ಚರ್ಚೆಯಲ್ಲಿ ಎದುರು ಪಕ್ಷದವನ ವಾದವಂತೂ ಅವನು ಬಾಯಿ ತೆರೆಯುವ ಮುನ್ನವೇ ಅಬ್ಸರ್ಡ್. ಪಾಪ, ಒಂದೇ ಪದ ಇಷ್ಟು ಮನೆಗಳಲ್ಲಿ ಚಾಕರಿ ಮಾಡಬೇಕಾದರೆ ಅದರ ಮೈಯಲ್ಲಿ ಕಸುವು ಉಳಿದೀತೆ?

ಈ ಪದಕ್ಕೆ ದಾಯಾದಿಗಳು ಕೆಲವರಿದ್ದಾರೆ. ‘ರಿಡಿಕ್ಯುಲಸ್’ ಎಂಬುದು ನಗೆಗೆ ಸಂಬಂಧಿಸಿದ್ದು. ‘ಲೂಡಿಕ್ರಸ್’ ಎಂಬುದರ ಮೂಲ ಲ್ಯಾಟಿನ್ನಿನ ಆಟ. ‘ಪ್ರಿಪಾಸ್ಟರಸ್’ ಎಂದರೆ ಹಿಂದಿನದು ಮುಂದಾದದ್ದು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರಿಗೆ ಈ ವಿಶೇಷಣ ಚೆನ್ನಾಗಿ ಒಪ್ಪುತ್ತದೆ. ನಮ್ಮ ‘ಅಬ್ಸರ್ಡ್’ ಬಂದದ್ದು ಸಂಗೀತದ ಕಡೆಯಿಂದ. ಲ್ಯಾಟಿನ್ನಿನ ‘ಅಬ್ಸರ್ಡಸ್’ ಎಂದರೆ ಶ್ರುತಿಗೆ ಸೇರದ್ದು. ಸಿಸೆರೊ ಇದನ್ನು ಕಂಠದ ದೋಷವೊಂದನ್ನು ಹೇಳುವುದಕ್ಕೆ ಬಳಸಿದ್ದಾನೆ. ಇದನ್ನು ತಿಳಿದ ಮೇಲೆ ಪದದ ಮುಖವೇ ಬೇರೆಯಾಗಿ ಕಾಣುತ್ತದೆ. ಅಪಸ್ವರವೆಂಬುದು ಸ್ವರದ ಹುಟ್ಟುಗುಣವಲ್ಲ ತಾನೆ? ಕಾಂಭೋಜಿಯಲ್ಲಿ ಸೊಗಸಾಗಿ ನಿಲ್ಲುವ ಮಧ್ಯಮವನ್ನೇ ಮೋಹನದಲ್ಲಿ ಹಿಡಿದರೆ ಮುಂದಿನ ಸಾಲಿನ ರಸಿಕರು ಮುಖ ಸಿಂಡರಿಸುತ್ತಾರೆ. ಮಧ್ಯಮ ಅದೇ; ರಾಗ ಬೇರೆ. ಆದುದರಿಂದ ಯಾವುದನ್ನಾದರೂ ‘ಅಬ್ಸರ್ಡ್’ ಎಂದವನು ಅದು ಯಾವುದರೊಡನೆ ಕೂಡಿಬರಲಿಲ್ಲವೆಂದು ಹೇಳುವ ಹೊಣೆಯನ್ನೂ ಹೊತ್ತಿರುತ್ತಾನೆ. ನಾವು ಹೊಣೆಯನ್ನು ಬಿಟ್ಟು ಪದವನ್ನು ಮಾತ್ರ ಇಟ್ಟುಕೊಂಡಿದ್ದೇವೆಂಬುದೇ ನನ್ನ ತಕರಾರು.

ಈ ಹೊಣೆಯನ್ನು ಗಣಿತಜ್ಞರು ಅತ್ಯಂತ ಪ್ರಾಮಾಣಿಕವಾಗಿ ಹೊತ್ತಿದ್ದಾರೆ. ಪ್ರೌಢಶಾಲೆಯಲ್ಲಿ ನಾವು ‘ಕರಣಿ’ ಎಂದು ಓದಿದ್ದನ್ನು ಇಂಗ್ಲಿಷಿನಲ್ಲಿ ‘ಸರ್ಡ್’ ಎನ್ನುತ್ತಾರೆ. ಅರಬ್ಬೀ ಗಣಿತಜ್ಞರು ಇಂಥ ಸಂಖ್ಯೆಯನ್ನು ಕಿವುಡು ಎಂದು ಕರೆದರು. ಲ್ಯಾಟಿನ್ನಿಗೆ ತಂದವರು ‘ಸರ್ಡಸ್’ ಎಂದು ಅನುವಾದಿಸಿದರು. ಈ ಕಿವುಡನು ನಮ್ಮ ಪದದ ಬಂಧುವೆಂದು ಹೇಳುವುದುಂಟು. ಎರಡರ ವರ್ಗಮೂಲ ಇಂಥದೊಂದು ಕರಣಿ. ಅದನ್ನು ಭಿನ್ನರಾಶಿಯಾಗಿ ಬರೆಯಲು ಬಾರದೆಂಬುದನ್ನು ಸಾಧಿಸುವ ಕ್ರಮವನ್ನು ಜ್ಞಾಪಿಸಿಕೊಳ್ಳಿ. ಬರೆಯಬಹುದೆಂದೇ ಮೊದಲು ಒಪ್ಪಿಕೊಳ್ಳುತ್ತೇವೆ. ಆ ಭಿನ್ನರಾಶಿಯನ್ನು ಕನಿಷ್ಠ ರೂಪಕ್ಕೆ ಇಳಿಸುತ್ತೇವೆ, ಎಂದರೆ ಅಂಶಕ್ಕೂ ಛೇದಕ್ಕೂ ಸಾಮಾನ್ಯ ಅಪವರ್ತನ ಉಳಿದಿಲ್ಲ. ವರ್ಗಮಾಡಿ ನೋಡಿದರೆ ಅಂಶವು ಸಮಸಂಖ್ಯೆಯೆಂದು ತಿಳಿಯುತ್ತದೆ. ಇನ್ನೊಂದು ಹೆಜ್ಜೆ ಹಾಕಿದರೆ ಛೇದವೂ ಸಮಸಂಖ್ಯೆ. ಹಾಗಾದರೆ ಎರಡನ್ನೂ ಎರಡರಿಂದ ಭಾಗಿಸಬಹುದು. ಆದರೆ ಭಾಗಿಸಲು ಏನೂ ಉಳಿದಿಲ್ಲವೆಂದು ಈಗತಾನೆ ಒಪ್ಪಿದ್ದೇವೆ! ಇಲ್ಲಿಗೆ ಬಂದು ಮುಟ್ಟಿದ ಮೇಲೆ ಗಣಿತಜ್ಞನು ‘ಅಬ್ಸರ್ಡ್’ ಎನ್ನುತ್ತಾನೆ. ಈ ಕ್ರಮಕ್ಕೆ ‘ರಿಡಕ್ಷಿಯೋ ಆಡ್ ಅಬ್ಸರ್ಡಮ್’ ಎಂದು ಹೆಸರು. ಎದುರಾಳಿಯ ಮಾತನ್ನು ಒಪ್ಪಿಕೊಂಡು, ಅವನ ಜತೆಯಲ್ಲಿಯೇ ನಾಲ್ಕು ಹೆಜ್ಜೆ ನಡೆದು, ದಾರಿ ಮುಗಿದುಹೋದ ಸ್ಥಳವನ್ನು ಅವನ ಕಣ್ಣಿಗೇ ತೋರಿಸುವ ಸೌಜನ್ಯ ಇದರಲ್ಲಿದೆ. ನಮ್ಮ ನೈಯಾಯಿಕರು ತರ್ಕವೆಂದು ಕರೆದದ್ದೂ ಇದೇ ಜಾತಿಯದು: ಬೆಟ್ಟದ ಮೇಲೆ ಬೆಂಕಿಯಿಲ್ಲ ಎನ್ನುವುದಾದರೆ ಹೊಗೆಯೂ ಇರಬಾರದಾಗಿತ್ತು, ಹೊಗೆ ಕಾಣುತ್ತಿದೆಯಲ್ಲ!

ಇನ್ನು ನಮ್ಮ ಚರ್ಚಾಕೂಟದ ಕ್ರಮವನ್ನು ನೋಡೋಣ. ಹಿಂದಿನ ವರ್ಷ ಮೊದಲನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, ಇಂಗ್ಲಿಷ್ ಪಾಠದ ವೇಳೆಯಲ್ಲಿ ಸಂದೇಹಗಳನ್ನು ಕನ್ನಡದಲ್ಲಿ ಕೇಳಲು ಅವಕಾಶವಿರಬೇಕೆಂದು ಸೂಚಿಸಿದ. ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುವವನು, ಮಾತು ನಿಧಾನ. ಅವನು ಕಾರಣ ಹೇಳಲು ತೊಡಗುವಷ್ಟರಲ್ಲಿ ಹಿಂದಿನ ಬೆಂಚಿನಿಂದ ‘ಅಬ್ಸರ್ಡ್!’ ಎಂಬ ಉದ್ಗಾರ ಬಂತು. ಉಚ್ಚಾರಣೆ ಅಚ್ಚುಕಟ್ಟಾಗಿತ್ತು. ಸಭೆ ನಕ್ಕಿತು, ಹುಡುಗ ಕುಳಿತ. ಅವನ ಸೂಚನೆಗೆ ಆಕ್ಷೇಪಣೆಗಳಿರಲಿಲ್ಲವೆಂದು ನಾನು ಹೇಳುತ್ತಿಲ್ಲ. ಇಂಗ್ಲಿಷನ್ನು ನಾಲಗೆಗೆ ರೂಢಿಮಾಡಿಕೊಳ್ಳಲು ನಮ್ಮಲ್ಲಿ ಹಲವರಿಗೆ ಆ ಒಂದು ಗಂಟೆಯೇ ಗತಿ. ಅದನ್ನೂ ಕನ್ನಡಕ್ಕೆ ಬಿಟ್ಟುಕೊಟ್ಟರೆ ಹೇಗೆಂದು ಕೇಳಬಹುದಾಗಿತ್ತು. ಸಂದೇಹವೇ ಬಾಯಿಗೆ ಬಾರದಿದ್ದರೆ ಪಾಠ ತಲೆಗೆ ಹೋಗುವುದೆಂತು ಎಂದು ಅವನು ಮಾರುತ್ತರ ಕೊಡಬಹುದಾಗಿತ್ತು. ಎರಡೂ ಕೇಳತಕ್ಕ ಮಾತುಗಳೇ, ಎರಡೂ ಕೇಳಿಬರಲಿಲ್ಲ. ಆ ಹುಡುಗ ಆಮೇಲೆ ಚರ್ಚಾಕೂಟದ ಕಡೆ ತಲೆಹಾಕಿದ್ದನ್ನು ನಾನು ಕಂಡಿಲ್ಲ. (‘ಅದೇಕೆ ಅಬ್ಸರ್ಡ್?’ ಎಂದು ಕೇಳಿದವನಿಗೆ ‘ಅಧಿಕಪ್ರಸಂಗಿ’ ಎಂಬ ಬಿರುದು ಸಿಕ್ಕಿತೆಂಬುದನ್ನೂ ಇಲ್ಲಿ ದಾಖಲು ಮಾಡಬಹುದು.)

ಪದವೊಂದರಿಂದ ವಾದವನ್ನು ಮುಚ್ಚಿಹಾಕುವ ಈ ಪದ್ಧತಿಗೆ ದೊಡ್ಡ ಮೇಲ್ಪಂಕ್ತಿಯೇ ಉಂಟು. ಸೂರ್ಯ ನಿಂತಿದ್ದಾನೆ, ಭೂಮಿ ಚಲಿಸುತ್ತದೆ ಎಂಬ ಮತವನ್ನು ಪರಿಶೀಲಿಸಲು 1616ರಲ್ಲಿ ರೋಮಿನಲ್ಲಿ ಧರ್ಮವಿಚಾರಣೆಯ ಪಂಡಿತರು ಸೇರಿದರು. ಸೂರ್ಯನು ಅಚಲನೆಂಬ ಮಾತು ಮೂರ್ಖತನದ್ದು, ತತ್ತ್ವಶಾಸ್ತ್ರದ ದೃಷ್ಟಿಯಿಂದ ಅಬ್ಸರ್ಡ್, ಅದರ ಮೇಲೆ ಧರ್ಮವಿರೋಧಿ ಎಂದು ಅವರು ತೀರ್ಪಿತ್ತರು. ಅವರು ಬಳಸಿದ್ದು ಇದೇ ಲ್ಯಾಟಿನ್ ಪದ. 1633ರಲ್ಲಿ ಗೆಲಿಲಿಯೋವಿಗೆ ಶಿಕ್ಷೆ ವಿಧಿಸಿದಾಗಲೂ ಆ ಪದ ಮರಳಿ ಬಂದಿತು.

ನಮ್ಮಲ್ಲಿ ಇದೇ ಪ್ರಶ್ನೆ ಸಾವಿರ ವರ್ಷಕ್ಕೂ ಮೊದಲೇ ಎದ್ದಿತ್ತು. ಭೂಮಿ ತನ್ನ ಸುತ್ತಲೂ ತಿರುಗುತ್ತದೆಂದು ಆರ್ಯಭಟ 499ರ ಸುಮಾರಿಗೆ ಹೇಳಿದ. ದೊಡ್ಡ ದೊಡ್ಡ ಜ್ಯೋತಿಷಿಗಳೇ ಒಪ್ಪಲಿಲ್ಲ. ಆದರೆ ಹೇಗೆ ಒಪ್ಪಲಿಲ್ಲವೆಂಬುದನ್ನು ಗಮನಿಸಬೇಕು. ಭೂಮಿ ತಿರುಗುವುದಾದರೆ ಆಕಾಶಕ್ಕೆ ಹಾರಿದ ಹಕ್ಕಿ ಮತ್ತೆ ತನ್ನ ಗೂಡನ್ನು ಸೇರುವುದೆಂತು ಎಂದು ವರಾಹಮಿಹಿರ ಕೇಳಿದ. ಎತ್ತರವಾದ ವಸ್ತುಗಳು ಏಕೆ ಬೀಳುವುದಿಲ್ಲವೆಂದು ಬ್ರಹ್ಮಗುಪ್ತ 628ರಲ್ಲಿ ಕೇಳಿದ. ಇಬ್ಬರದೂ ತಪ್ಪು ಅಭಿಪ್ರಾಯವೇ. ಆದರೂ ಎಂಥ ಒಳ್ಳೆಯ ತಪ್ಪು! ಹಕ್ಕಿಯ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೊರಟರೆ, ಓಡುವ ಬಸ್ಸಿನಲ್ಲಿ ಮೇಲಕ್ಕೆ ಎಸೆದ ನಿಂಬೆಹಣ್ಣು ನಮ್ಮ ಅಂಗೈಗೇ ಏಕೆ ಬೀಳುತ್ತದೆಂಬ ಚಲನತತ್ತ್ವದವರೆಗೂ ಹೋಗಬಹುದು. ವರಾಹಮಿಹಿರನ ಆಕ್ಷೇಪಣೆಗೆ ಉತ್ತರ ಕೊಡಲು ಸಾಧ್ಯವಿತ್ತು. ರೋಮಿನ ಪಂಡಿತರ ವಿಶೇಷಣಕ್ಕೆ ಗೆಲಿಲಿಯೋ ಏನೆಂದು ಉತ್ತರ ಕೊಟ್ಟಾನು?

ನ್ಯಾಯಾಲಯದವರೂ ಈ ಪದವನ್ನು ಹುಷಾರಾಗಿಯೇ ಹಿಡಿಯುತ್ತಾರೆ. ಲಿಖಿತ ಪತ್ರದ ಪದಗಳಿಗೆ ಸಾಮಾನ್ಯ ಅರ್ಥವನ್ನೇ ಹಚ್ಚಬೇಕು, ಅದರಿಂದ ಅಬ್ಸರ್ಡ್ ಆದ ಪರಿಣಾಮ ಒದಗುವುದಾದರೆ ಮಾತ್ರ, ಅದೂ ಬೇಕಾದಷ್ಟೇ, ಸರಿಯಬಹುದು ಎಂದು ಇಂಗ್ಲೆಂಡಿನಲ್ಲಿ ಲಾರ್ಡ್ ವೆನ್ಸ್ಲಿಡೇಲ್ 1857ರಲ್ಲಿ ಹೇಳಿದ ಸೂತ್ರವನ್ನು ಕಾನೂನು ಓದುವವರು ಈಗಲೂ ಬಾಯಿಪಾಠ ಮಾಡುತ್ತಾರೆ.

ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿ ನನ್ನನ್ನು ತಡೆದು, ‘ಅಬ್ಸರ್ಡ್’ ಈಗ ಬೈಗುಳವಲ್ಲ, ಅದೊಂದು ದರ್ಶನ ಎನ್ನಬಹುದು. ನಿಜ. ಬಂಡೆಯನ್ನು ಬೆಟ್ಟದ ತುದಿಗೆ ಉರುಳಿಸಿ, ಅದು ಕೆಳಗಿಳಿಯಲು ಮತ್ತೆ ಉರುಳಿಸುವ ಸಿಸಿಫಸನನ್ನು ಕುರಿತು ಆಲ್ಬರ್ಟ್ ಕಮೂ 1942ರಲ್ಲಿ ಗ್ರಂಥವನ್ನೇ ಬರೆದ. ಅವನಾದರೂ ಹೇಳಿದ್ದೇನು? ಮನುಷ್ಯನು ಅರ್ಥವನ್ನು ಕೇಳುತ್ತಾನೆ, ಜಗತ್ತು ಮೌನವಾಗಿದೆ. ಅಸಂಗತತೆ ಅವನೊಬ್ಬನಲ್ಲಿಲ್ಲ, ಜಗತ್ತೊಂದರಲ್ಲಿಯೂ ಇಲ್ಲ, ಎರಡರ ಮುಖಾಮುಖಿಯಲ್ಲಿದೆ. ಮತ್ತೆ ಅದೇ ಶ್ರುತಿಯ ಮಾತು! ಬೆಕೆಟ್ ಮೊದಲಾದವರ ನಾಟಕಗಳಿಗೆ ಮಾರ್ಟಿನ್ ಎಸ್ಲಿನ್ 1961ರಲ್ಲಿ ಈ ಹೆಸರನ್ನು ಹಚ್ಚಿದ. ಚಂದ್ರಶೇಖರ ಪಾಟೀಲರ ‘ಕೊಡೆಗಳು’ ಇಂಥ ನಾಟಕಗಳನ್ನು ನಾವು ‘ಅಸಂಗತ ನಾಟಕ’ ಎನ್ನುತ್ತೇವೆ. ಈ ಅನುವಾದ ನನಗೆ ಮೂಲಕ್ಕಿಂತ ಒಂದು ಗುಲಗಂಜಿ ಹೆಚ್ಚು ತೂಕದ್ದಾಗಿ ತೋರುತ್ತದೆ. ಸಂಗತವೆಂದರೆ ಜತೆಗೂಡಿದ್ದು; ಜತೆಗೂಡಲು ಎರಡು ಬೇಕೆಂಬುದನ್ನು ಪದವೇ ಸಾರುತ್ತದೆ. ನಮ್ಮ ಆಲಂಕಾರಿಕರಲ್ಲಿ ‘ಅಸಂಗತಿ’ ಎಂಬ ಅಲಂಕಾರವೇ ಇದೆ. ಕಾರಣ ಒಂದು ಕಡೆ, ಕಾರ್ಯ ಇನ್ನೊಂದು ಕಡೆ. ರಾತ್ರಿಯೆಲ್ಲ ದೀಪವಿಟ್ಟುಕೊಂಡು ಓದಿದವನು ಕೊಠಡಿಯ ಗೆಳೆಯ, ಕಣ್ಣು ಕೆಂಪಾದದ್ದು ನನಗೆ!

ಗುರುಗಳಲ್ಲಿಯೂ ಒಂದು ವಿಜ್ಞಾಪನೆಯುಂಟು; ಮನ್ನಿಸಬೇಕು. ನಮ್ಮ ಉತ್ತರಪತ್ರಿಕೆಗಳ ಅಂಚಿನಲ್ಲಿ ಈ ಪದ ಕೆಂಪು ಮಸಿಯಲ್ಲಿ ಕಾಣಿಸಿಕೊಳ್ಳುವುದುಂಟು. ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ ಕಾವ್ಯವನ್ನು ಓದಿ ಷೇಕ್ಸ್‌ಪಿಯರ್ ಪ್ರಭಾವಿತನಾದನೆಂದು ನಮ್ಮಲ್ಲೊಬ್ಬ ಬರೆದರೆ ಅದು ಅಬ್ಸರ್ಡ್ ಎಂಬುದರಲ್ಲಿ ವಿವಾದವಿಲ್ಲ. ಆದರೆ ಪದಕ್ಕೆ ಬದಲು ‘1616, 1667’ ಎಂದು ಎರಡು ಇಸವಿಗಳನ್ನು ಬರೆದರೆ ಮಸಿಯೂ ಉಳಿಯುತ್ತದೆ: ಕವಿ ತೀರಿಕೊಂಡದ್ದು ಮೊದಲನೆಯದರಲ್ಲಿ, ಕಾವ್ಯ ಅಚ್ಚಾದದ್ದು ಎರಡನೆಯದರಲ್ಲಿ. ಹ್ಯಾಮ್ಲೆಟ್ ಹೇಡಿಯೆಂದು ಬರೆದವನ ಸಂಗತಿ ಬೇರೆ. ಅವನ ಮಾತು ಅಬ್ಸರ್ಡ್ ಅಲ್ಲ. ಸರಿಯೋ ತಪ್ಪೋ, ಅದೊಂದು ಅಭಿಪ್ರಾಯ. ‘ಮೂರನೆಯ ಅಂಕದಲ್ಲಿ ಪೊಲೋನಿಯಸನನ್ನು ತಿವಿದವರಾರು?’ ಎಂದು ಅಂಚಿನಲ್ಲಿ ಒಂದು ಪ್ರಶ್ನೆ ಬರೆದರೆ ಸಾಕು. ಅವನು ಆ ಸಂಜೆಯೇ ಗ್ರಂಥಭಂಡಾರಕ್ಕೆ ಓಡುತ್ತಾನೆ. ಅಲ್ಲಿ ‘ಹ್ಯಾಮ್ಲೆಟ್’ ನಾಟಕದ ಪ್ರತಿ ಅವನ ಕೈಗೆ ಸಿಕ್ಕೀತೆ ಎಂಬುದು ಬೇರೆ ಪ್ರಶ್ನೆ.